ಸ್ಪ್ಯಾನಿಷ್ ರೇಡಿಯೊದಲ್ಲಿ ಅಮೆರಿಕನ್ ಫುಟ್‌ಬಾಲ್: ಕೇಳುಗರನ್ನು ಕುರಿತು



ಬಾನುಲಿಯ ಬಗ್ಗೆ ಮಾತಾಡಿ ಎಂದು ನೀವು ಕರೆದಿರಿ. ನಾನು ಆರಿಸಿಕೊಂಡ ವಿಷಯ ಕೇಳಿ ಕೆಲವರ ಹುಬ್ಬು ಮೇಲೇರಿದ್ದನ್ನು ಕಂಡಿದ್ದೇನೆ. ಆಟ ಅಮೆರಿಕದ್ದು, ಭಾಷೆ ಸ್ಪ್ಯಾನಿಷ್, ನಮಗೇನು ಸಂಬಂಧ? ಒಂದು ಅಂಕಿ ಹೇಳಿ ಮುಂದೆ ಹೋಗುತ್ತೇನೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹಿಸ್ಪಾನಿಕ್ ಮೂಲದವರು ಸುಮಾರು 6.2 ಕೋಟಿ. 2011ರ ಗಣತಿಯಲ್ಲಿ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆಟದ ಲೆಕ್ಕ ಸರಳ. ನೂರು ಗಜದ ಅಂಕಣ, ಎರಡೂ ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ ಹತ್ತು ಗಜ ದಾಟಿದರೆ ಮತ್ತೆ ನಾಲ್ಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಯತ್ನ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮುಂದಿನದನ್ನು ಶುರುಮಾಡಲು ಸಾಮಾನ್ಯವಾಗಿ 40 ಸೆಕೆಂಡು ಅವಕಾಶ. ಟಿವಿಯವರು ಆ ಬಿಡುವಿನಲ್ಲಿ ಅದೇ ದೃಶ್ಯವನ್ನು ಮತ್ತೆ ತೋರಿಸುತ್ತಾರೆ. ರೇಡಿಯೊದವರಿಗೆ ತೋರಿಸಲು ಏನೂ ಇಲ್ಲ. ಯಾರು ಓಡಿದ, ಯಾರು ಕೆಡವಿದ, ಎಷ್ಟನೆಯ ಯತ್ನ, ಇನ್ನೆಷ್ಟು ಗಜ ಬಾಕಿ, ಗಡಿಯಾರದಲ್ಲಿ ಉಳಿದದ್ದೆಷ್ಟು, ಎಲ್ಲವನ್ನೂ ಆ ಸಮಯದಲ್ಲೇ ಹೇಳಿ ಮುಗಿಸಬೇಕು. ವೀಕ್ಷಕ ವಿವರಣೆಗಾರನ ಯೋಗ್ಯತೆ ತಿಳಿಯುವುದು ಚೆಂಡು ನಿಂತಾಗಲೇ.

ಸ್ಪ್ಯಾನಿಷ್ ವಿವರಣೆಗಾರನಿಗೆ ಇನ್ನೂ ಒಂದು ಹೊರೆ ಇದೆ. ಅವನ ಕೇಳುಗರು ಒಂದೇ ಬಗೆಯವರಲ್ಲ. ಮೆಕ್ಸಿಕೊದ ಮಾಂಟೆರ್ರೆಯಿಂದ ಬಂದವನಿಗೆ ಈ ಆಟವನ್ನು ಯಾರೂ ಕಲಿಸಬೇಕಿಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಇದನ್ನು ತಲೆಮಾರುಗಳಿಂದ ಆಡುತ್ತಿದ್ದಾರೆ, ರಾಜಧಾನಿಯ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೂ ಪಾಲಿಟೆಕ್ನಿಕ್‌ಗೂ ಹಳೆಯ ಹಗೆತನವೇ ಇದೆ. ಅವನ ಪಕ್ಕದಲ್ಲೇ ಕೆಲಸ ಮಾಡುವ ಗ್ವಾಟೆಮಾಲದವನು ಕಾಲ್ಚೆಂಡು ಬಿಟ್ಟು ಬೇರೆ ಆಟ ಕಂಡಿರದೆ ಇರಬಹುದು. ಮೂರನೆಯವಳು ಟೆಕ್ಸಾಸ್‌ನಲ್ಲೇ ಹುಟ್ಟಿದವಳು, ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೂ ಅಪ್ಪ ಕೇಳುತ್ತಿದ್ದ ಸ್ಟೇಷನ್ನನ್ನೇ ತಿರುಗಿಸುತ್ತಾಳೆ. ಮೊದಲನೆಯವನಿಗೆ ಬೇಸರವಾಗದಂತೆ ಎರಡನೆಯವನಿಗೆ ನಿಯಮ ತಿಳಿಸಬೇಕು. ಇಂಗ್ಲಿಷ್ ವಿವರಣೆಗಾರನಿಗೆ ಈ ಪರೀಕ್ಷೆ ಇಷ್ಟು ಕಠಿಣವಾಗಿ ಬರುವುದಿಲ್ಲ.

ಸ್ಪ್ಯಾನಿಷ್ ವಿವರಣೆಗೆ ದಾರಿ ತೋರಿಸಿದ್ದು ಬೇಸ್‌ಬಾಲ್. ಡಾಜರ್ಸ್ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದ 1958ರಲ್ಲೇ ನಿಕರಾಗುವಾದ ರೆನೆ ಕಾರ್ದೆನಾಸ್ ಸ್ಪ್ಯಾನಿಷ್‌ನಲ್ಲಿ ವಿವರಣೆ ಆರಂಭಿಸಿದರು. ಮರುವರ್ಷ ಎಕ್ವಡಾರ್‌ನ ಹೈಮೆ ಹರೀನ್ ಸೇರಿಕೊಂಡರು. ಮೊದಮೊದಲು ಪರವೂರಿನ ಪಂದ್ಯಗಳಿಗೆ ಅವರನ್ನು ಕಳಿಸುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಕೂತು, ಕಿವಿಯಲ್ಲಿ ತಂಡದ ಇಂಗ್ಲಿಷ್ ವಿವರಣೆಗಾರ ವಿನ್ ಸ್ಕಲ್ಲಿಯ ಮಾತು ಕೇಳುತ್ತ, ಬಾಯಲ್ಲಿ ಸ್ಪ್ಯಾನಿಷ್ ಹೇಳುತ್ತ ಕಾಣದ ಆಟವನ್ನು ಕಟ್ಟಿಕೊಟ್ಟರು. ಹರೀನ್ ಮೈಕ್ ಕೆಳಗಿಟ್ಟದ್ದು 2022ರಲ್ಲಿ. 1998ರಲ್ಲಿ ಬೇಸ್‌ಬಾಲ್ ವಿವರಣೆಗಾರರಿಗೆ ಕೊಡುವ ಫೋರ್ಡ್ ಫ್ರಿಕ್ ಪ್ರಶಸ್ತಿ ಅವರಿಗೆ ಸಂದಿತ್ತು.

ಫುಟ್‌ಬಾಲಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಹೆಸರು ಮೊದಲು ಬರಬೇಕು. ಸ್ಪ್ಯಾನಿಷ್ ಕೇಳುಗರಿಗೆ ಅವರು ‘ವಾಕೆರೋಸ್’. ವಿಕ್ಟರ್ ವಿಯ್ಯಾಲ್ಬಾ ಅವರ ದನಿ ದೀರ್ಘಕಾಲ ಆ ತಂಡದ ದನಿಯಾಗಿತ್ತು. ಅರಿಜೋನಾ ಕಾರ್ಡಿನಲ್ಸ್ ವಿವರಣೆಯಲ್ಲಿ ವಿಶ್ಲೇಷಕರಾಗಿ ಕೂತವರು ರೊಲಾಂದೊ ಕಾಂತು. ಮಾಂಟೆರ್ರೆಯ ಕಾಲೇಜಿನಲ್ಲಿ ಆಡಿ, 2005ರ ಋತುವಿನಲ್ಲಿ ಅದೇ ಕಾರ್ಡಿನಲ್ಸ್ ಪರ ಅಂಕಣಕ್ಕಿಳಿದವರು. ನೂರೈವತ್ತು ಕಿಲೊ ತೂಗುವ ಆಟಗಾರರು ಎದೆಗೆ ಎದೆ ಕೊಟ್ಟು ನಿಲ್ಲುವ ಸಾಲಿನಲ್ಲಿ ಏನು ನಡೆಯುತ್ತದೆಂದು ಹೇಳಲು ಅಲ್ಲಿ ನಿಂತವನೇ ಬೇಕು.

ಈ ತಂಡಗಳ ವೃತ್ತಿಪರ ಲೀಗು ಎನ್‌ಎಫ್‌ಎಲ್ ಲ್ಯಾಟಿನೊ ಜನರ ಬಳಿಗೆ ಆಟವನ್ನು ಒಯ್ದಿತು ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಜನ ಮೊದಲೇ ಅಲ್ಲಿದ್ದರು. 1976ರಿಂದ 1986ರವರೆಗೆ ಕೌಬಾಯ್ಸ್ ಪರ ಚೆಂಡು ಒದೆದ ಎಫ್ರೇನ್ ಎರೆರಾ ಮತ್ತು ರಫಾಯೆಲ್ ಸೆಪ್ಟಿಯೇನ್ ಇಬ್ಬರೂ ಮೆಕ್ಸಿಕೊದಲ್ಲಿ ಹುಟ್ಟಿದವರು. 1981ರ ಜನವರಿಯಲ್ಲಿ ರೇಡರ್ಸ್ ತಂಡಕ್ಕೆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆಲ್ಲಿಸಿಕೊಟ್ಟ ತರಬೇತುದಾರ ಟಾಮ್ ಫ್ಲೋರೆಸ್ ಮೆಕ್ಸಿಕನ್ ಮೂಲದ ಹೊಲಗೆಲಸದವರ ಮಗ. ಲೀಗು ಅಮೆರಿಕದ ಹೊರಗೆ ತನ್ನ ಮೊದಲ ಅಧಿಕೃತ ಋತು ಪಂದ್ಯ ಆಡಿಸಿದ್ದು 2005ರ ಅಕ್ಟೋಬರ್ 2ರಂದು, ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ. ಬಂದವರು 1,03,467 ಜನ. ಅಷ್ಟು ಜನ ಒಂದೇ ದಿನದಲ್ಲಿ ಅಭಿಮಾನಿಗಳಾಗುವುದಿಲ್ಲ. ಅಷ್ಟಾಗಿಯೂ ಅಮೆರಿಕದ ಟಿವಿ ಸೂಪರ್ ಬೌಲನ್ನು ಪೂರ್ತಿ ಸ್ಪ್ಯಾನಿಷ್‌ನಲ್ಲಿ ತೋರಿಸಿದ್ದು 2014ರಲ್ಲಿ, ಫಾಕ್ಸ್ ದೆಪೋರ್ತೆಸ್ ಎಂಬ ಕೇಬಲ್ ವಾಹಿನಿಯಲ್ಲಿ. ಕೇಬಲ್ ಇಲ್ಲದ ಮನೆಗೂ ತಲುಪುವ ಟೆಲೆಮುಂಡೊಗೆ ಆ ಅವಕಾಶ ಸಿಕ್ಕಲು 2022 ಬರಬೇಕಾಯಿತು.

ಟಿವಿ ಕಾಯಿತು, ರೇಡಿಯೊ ಕಾಯಲಿಲ್ಲ. ರೇಡಿಯೊ ಅಗ್ಗ: ಒಂದು ಮೈಕು, ಇಬ್ಬರು ಮನುಷ್ಯರು, ಒಂದು ಸಣ್ಣ ಸ್ಟೇಷನ್ ಸಾಕು. ಭಾನುವಾರ ಹೋಟೆಲಿನ ಅಡುಗೆಮನೆಯಲ್ಲೋ ಲಾರಿಯಲ್ಲೋ ದುಡಿಯುವವರು ಕಣ್ಣು ಕೆಲಸದ ಮೇಲಿಟ್ಟೇ ಕೇಳಬಹುದು. ಈ ಕೇಳುಗರನ್ನು ಮೊದಲು ಎಣಿಕೆಗೆ ತೆಗೆದುಕೊಂಡ ಮಾಧ್ಯಮ ರೇಡಿಯೊ ಎಂಬುದು ನನ್ನ ತೀರ್ಮಾನ.

ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇದೇ ಕೆಲಸವನ್ನು ಕನ್ನಡದಲ್ಲಿ ಮಾಡಿದ ನಮ್ಮ ಆಕಾಶವಾಣಿಯ ಹಳೆಯ ವೀಕ್ಷಕ ವಿವರಣೆಗಾರರು ನಿಮ್ಮ ಊರಲ್ಲಿದ್ದರೆ ಹೋಗಿ ಮಾತಾಡಿಸಿ, ಅವರ ಅನುಭವವನ್ನು ಧ್ವನಿಮುದ್ರಿಸಿಟ್ಟುಕೊಳ್ಳಿ.