ಗರಗಸದ ಚಕ್ರ: ಅದರ ಜೋಡಣೆ ಮತ್ತು ಆರೈಕೆ

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪಂಪ, ಕುಮಾರವ್ಯಾಸ, ಶರಣರು, ದಾಸರು ಇವರನ್ನು ಕುರಿತು ಕೇಳಿ ಅಭ್ಯಾಸವಾದ ತಮಗೆ, ಮರ ಕೊಯ್ಯುವ ಗರಗಸವನ್ನು ಕುರಿತ ಮಾತು ವಿಚಿತ್ರವೆನಿಸೀತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಲೂಬಹುದು. ಸಾಲಕ್ಕೆ ಒತ್ತೆಯಿಟ್ಟ ಮಾಲನ್ನು ಎಣಿಸುವುದಕ್ಕೆಂದು ನಾನು ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿಗೆ ಆಗಾಗ ಹೋಗಬೇಕಾಗುತ್ತದೆ. ಅಲ್ಲಿ ದಿಮ್ಮಿ ಹೊರುವವರ ನಡುವೆ, ಯಂತ್ರದ ಮುಂದೆ ನಿಲ್ಲುವವರ ನಡುವೆ, ಕಲಬುರ್ಗಿ, ವಿಜಾಪುರದ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಆ ಕನ್ನಡ ಆಡುವವರಲ್ಲಿ ಕೆಲವರ ಕೈಯಲ್ಲಿ ಐದು ಬೆರಳು ಉಳಿದಿಲ್ಲ. ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಅದೇ ಕಾರಣ.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮಿಲ್ಲರ್ ಎಂಬಾತ 1777ರಲ್ಲಿ ಪಡೆದ ಪೇಟೆಂಟಿನಲ್ಲಿಯೇ ವರ್ತುಲಾಕಾರದ ಗರಗಸದ ಮಾತು ಬರುತ್ತದೆ. ಇಬ್ಬರು ಕೂಡಿ ಎಳೆಯುವ ಕೈಗರಗಸ ಮುಂದೆ ಹೋಗಿ ಹಿಂದೆ ಬರುತ್ತದೆ. ಚಕ್ರವಾದರೋ ಬಿಡುವಿಲ್ಲದೆ ಕೊಯ್ಯುತ್ತದೆ. ಇದರ ಲಾಭವೂ ಅಪಾಯವೂ ಈ ಬಿಡುವಿಲ್ಲದಿರುವಿಕೆಯಲ್ಲೇ ಇವೆ.

ಮೊದಲು ವೇಗದ ಲೆಕ್ಕ. ಉಕ್ಕಿನ ಚಕ್ರದ ಹಲ್ಲು ಮರ ಕೊಯ್ಯುವಾಗ ನಿಮಿಷಕ್ಕೆ ಸುಮಾರು 10,000 ಅಡಿ ಓಡಬೇಕೆಂಬುದು ರೂಢಿ. 24 ಅಂಗುಲದ ಚಕ್ರದ ಸುತ್ತಳತೆ 6 ಅಡಿಗೆ ಸ್ವಲ್ಪ ಮೇಲೆ. ಅದು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಹಲ್ಲು ಸುಮಾರು 9,400 ಅಡಿ ಓಡಿತು. 48 ಅಂಗುಲದ ಚಕ್ರಕ್ಕೆ 800 ಸುತ್ತೇ ಸಾಕು. ಚಿಕ್ಕ ಚಕ್ರ ಸವೆಯಿತೆಂದು ದೊಡ್ಡದನ್ನು ತಂದು ಅದೇ ಪುಲ್ಲಿಯ ಮೇಲೆ, ಅದೇ ಸುತ್ತಿನಲ್ಲಿ ಓಡಿಸುವುದು ಹೇಗೆ ಅಪಾಯವೆಂಬುದು ಇದರಿಂದ ತಿಳಿಯುತ್ತದೆ.

ಈ ವೇಗದಲ್ಲಿ ಚಕ್ರದ ಅಂಚು ಹೊರಕ್ಕೆ ಹಿಗ್ಗುತ್ತದೆ. ಅಂಚು ಹಿಗ್ಗಿ ನಡುವೆ ಹಿಗ್ಗದಿದ್ದರೆ ತಗಡು ಹಾವಿನಂತೆ ಓಲಾಡುತ್ತದೆ. ಆದ್ದರಿಂದ ಗರಗಸದ ಕಸುಬುದಾರ, ಪೇಟೆಯಲ್ಲಿ ಅವನನ್ನು ಸಾ ಡಾಕ್ಟರ್ ಎನ್ನುತ್ತಾರೆ, ಚಕ್ರವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಅದರ ನಡುಭಾಗವನ್ನು ತಟ್ಟಿ ತಟ್ಟಿ ಸಡಿಲಿಸುತ್ತಾನೆ. ನಿಂತಾಗ ನಡುವೆ ತುಸು ಸಡಿಲವಾಗಿ ತೋರುವ ಚಕ್ರ ಓಡುವಾಗ ಬಿಗಿದು ನೆಟ್ಟಗಾಗುತ್ತದೆ. ಯಾವ ವೇಗಕ್ಕೆಂದು ತಟ್ಟಲಾಗಿದೆಯೋ ಆ ವೇಗದಲ್ಲಿ ಮಾತ್ರ ಅದು ಸರಿಯಾಗಿ ನಡೆಯುತ್ತದೆ. ಡಾಕ್ಟರ ಬಳಿಗೆ ಚಕ್ರ ಕಳಿಸುವಾಗ ಸುತ್ತಿನ ಲೆಕ್ಕವನ್ನೂ ಬರೆದು ಕಳಿಸಬೇಕಾದದ್ದು ಇದಕ್ಕಾಗಿ.

ಇನ್ನು ಜೋಡಣೆ. ಮೊದಲು ಮೇನ್ ಸ್ವಿಚ್ಚು ತೆಗೆದು, ಬೇರೆಯವರು ಹಾಕದಂತೆ ಬೀಗ ಹಾಕಬೇಕು. ಚಕ್ರವನ್ನು ಹೊರುವ ಅಚ್ಚು ಮಟ್ಟಸವಾಗಿರಬೇಕು, ಅತ್ತಿತ್ತ ಸರಿದಾಡಕೂಡದು. ಅಚ್ಚಿನ ಮೇಲೆ ಚಕ್ರವನ್ನು ಎರಡು ಕಡೆಯಿಂದ ಹಿಡಿಯುವ ಬಿಲ್ಲೆಗಳಿವೆ. ಇವನ್ನು ಕಾಲರ್ ಎನ್ನುತ್ತಾರೆ. ಕಾಲರು ತನ್ನ ಹೊರಅಂಚಿನಲ್ಲಿ ಚಕ್ರವನ್ನು ಕಚ್ಚಬೇಕು. ನಡುವೆ ಒಂದು ಚಿಟಿಕೆ ಹೊಟ್ಟು ಸಿಕ್ಕಿಕೊಂಡರೂ ಅಂಚಿನಲ್ಲಿ ಹಲ್ಲು ತೂಗಾಡುತ್ತದೆ. ಚಕ್ರದ ರಂಧ್ರ ಅಚ್ಚಿಗೆ ಸರಿಯಾಗಿ ಕೂಡಬೇಕು. ಕಾಗದ ಸುತ್ತಿ ಬಿಗಿ ಮಾಡಕೂಡದು. ಮೇಜಿನ ಮುಂದೆ ನಿಂತವನ ಕಡೆಯ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಚಕ್ರ ತಿರುಗಬೇಕು.

ಜೋಡಿಸಿದ ಮೇಲೆ ವಿದ್ಯುತ್ತು ಹಾಕುವ ಮೊದಲು ಚಕ್ರದ ಪಕ್ಕದಲ್ಲಿ ಒಂದು ಸೀಸದಕಡ್ಡಿಯನ್ನು ಅಲುಗದಂತೆ ಕಟ್ಟಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಕಡ್ಡಿ ಒಂದೆಡೆ ಮಾತ್ರ ಗೀಚಿದರೆ ಓಲಾಟವಿದೆ ಎಂದರ್ಥ. ಆಗ ಕಾಲರು ಬಿಚ್ಚಿ ಒರೆಸಿ, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಬೇಕು. ಗೀಚಿದ ಸ್ಥಳವೂ ಚಕ್ರದೊಡನೆ ತಿರುಗಿದ್ದರೆ ದೋಷ ಚಕ್ರದ್ದು. ಅಚ್ಚಿನ ಅದೇ ಮಗ್ಗುಲಲ್ಲಿ ಉಳಿದಿದ್ದರೆ ದೋಷ ಕಾಲರಿನದು ಅಥವಾ ಅಚ್ಚಿನದು. ನಾವು ಲೆಕ್ಕದಲ್ಲಿ ತಪ್ಪು ಹುಡುಕುವ ರೀತಿಯೂ ಹೀಗೆಯೇ ಅಲ್ಲವೆ?

ಚಕ್ರದ ಬೆನ್ನಿಗೆ, ಅದೇ ಸಾಲಿನಲ್ಲಿ, ಒಂದು ಬಾಗಿದ ಉಕ್ಕಿನ ಪಟ್ಟಿ ನಿಂತಿರಬೇಕು. ಇದಕ್ಕೆ ರೈವಿಂಗ್ ನೈಫ್ ಎಂದು ಹೆಸರು. ಹಸಿಮರವೂ ಒಳಗೆ ಬಿಗಿತವಿದ್ದ ಮರವೂ ಕೊಯ್ದ ಮೇಲೆ ಮತ್ತೆ ಕೂಡಿಕೊಂಡು ಚಕ್ರವನ್ನು ಅಮುಕುತ್ತವೆ. ಹಿಂದಿನ ಹಲ್ಲುಗಳು ಮೇಲಕ್ಕೆ ಏರುತ್ತಿರುವುದರಿಂದ ಆ ಮರವನ್ನು ಎತ್ತಿ, ನಿಂತವನ ಎದೆಗೆ ಎಸೆಯುತ್ತವೆ. ಈ ಪಟ್ಟಿ ಸೀಳನ್ನು ತೆರೆದಿಡುತ್ತದೆ. ಅದು ತಗಡಿಗಿಂತ ದಪ್ಪವಾಗಿ, ಸೀಳಿಗಿಂತ ತೆಳುವಾಗಿ, ಹಲ್ಲಿಗೆ ಆದಷ್ಟು ಸಮೀಪವಾಗಿರಬೇಕು. 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ಯಂತ್ರಗಳ ಅಪಾಯದ ಭಾಗಗಳಿಗೆ ಕಾವಲಿರಬೇಕೆಂದು ವಿಧಿಸಿತು. ಅದರ ಕೆಳಗೆ ರಾಜ್ಯಗಳು ರಚಿಸಿದ ನಿಯಮಗಳು ಈ ಪಟ್ಟಿಯನ್ನೂ, ಚಕ್ರದ ಮೇಲಿನ ಮುಚ್ಚಳವನ್ನೂ, ಮರ ತಳ್ಳುವ ಕೋಲನ್ನೂ ಹೆಸರಿಸಿ ಕೇಳಿದವು. ನಾನು ಕಂಡ ಹಲವು ಮೇಜುಗಳಲ್ಲಿ ಈ ಪಟ್ಟಿ ಗೋಡೆಯ ಮೊಳೆಗೆ ತೂಗಿರುತ್ತದೆ. ಕೆಲಸಕ್ಕೆ ಅಡ್ಡ ಬರುತ್ತದೆ ಎಂಬುದು ಉತ್ತರ.

ಈಗ ಹಲ್ಲಿನ ಆರೈಕೆ. ಹಲ್ಲುಗಳನ್ನು ಒಂದು ಬಲಕ್ಕೆ, ಒಂದು ಎಡಕ್ಕೆ ತುಸು ಬಾಗಿಸಿರುತ್ತಾರೆ. ಸೀಳು ತಗಡಿಗಿಂತ ಅಗಲವಾಗಿ, ತಗಡು ಮರಕ್ಕೆ ಉಜ್ಜದಿರಲೆಂದು ಈ ಏರ್ಪಾಡು. ಹಲ್ಲಿನ ತುದಿಭಾಗವನ್ನು ಮಾತ್ರ ಬಾಗಿಸಬೇಕು, ಬುಡವನ್ನಲ್ಲ. ಒಣಗಿದ ಗಟ್ಟಿಮರಕ್ಕೆ ಬಾಗು ಕಡಿಮೆ. ಹಸಿಯಾದ ಮೆದುಮರಕ್ಕೆ ಹೆಚ್ಚು. ಒಂದು ಕಡೆಯ ಬಾಗು ಹೆಚ್ಚಾದರೆ ಚಕ್ರ ಆ ಕಡೆಗೇ ಎಳೆದುಕೊಂಡು ಹೋಗಿ ಹಲಗೆ ಸೊಟ್ಟಗಾಗುತ್ತದೆ. ಹರಿತ ಮಾಡುವಾಗ ಎಲ್ಲ ಹಲ್ಲೂ ಒಂದೇ ಎತ್ತರಕ್ಕೆ ಬರಬೇಕು, ಇಲ್ಲವಾದರೆ ಉದ್ದನೆಯ ನಾಲ್ಕು ಹಲ್ಲುಗಳೇ ಎಲ್ಲರ ದುಡಿಮೆಯನ್ನೂ ಮಾಡಬೇಕಾಗುತ್ತದೆ. ಹಲ್ಲಿನ ಬುಡದ ತಗ್ಗು ದುಂಡಗಿರಬೇಕು; ಅಲ್ಲಿ ಮೂಲೆ ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಸಾಣೆಯ ಕಲ್ಲನ್ನು ಒತ್ತಿ ಹಿಡಿದು ಹಲ್ಲು ನೀಲಿಗಟ್ಟಿದರೆ ಉಕ್ಕಿನ ಹದ ಕೆಟ್ಟಿತೆಂದೇ ತಿಳಿಯಬೇಕು. ಬಿರುಕು ಬಿಟ್ಟ ಚಕ್ರವನ್ನು ಮರುದಿನಕ್ಕೆ ನೋಡೋಣವೆಂದು ಓಡಿಸುವುದು ಸಲ್ಲದು.

ಚಕ್ರ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಹರಿತವಾಗಿದ್ದಾಗ ಹೊಟ್ಟು ರವೆಯಂತೆ ಬೀಳುತ್ತದೆ. ಮೊಂಡಾದಾಗ ಹಿಟ್ಟಿನಂತೆ ಹಾರುತ್ತದೆ, ಹೊಗೆಯ ವಾಸನೆ ಬರುತ್ತದೆ. ಚಕ್ರವನ್ನು ಪೂರ್ತಿ ನಿಲ್ಲಿಸಿ, ಸ್ವಿಚ್ಚು ತೆಗೆದು, ಎಚ್ಚರದಿಂದ ಮುಟ್ಟಿ ನೋಡಬೇಕು. ಅಂಚು ಬಿಸಿಯಾಗಿದ್ದರೆ ಹಲ್ಲು ಮೊಂಡು, ಇಲ್ಲವೇ ಬಾಗು ಸಾಲದು. ನಡುವೆ ಬಿಸಿಯಾಗಿದ್ದರೆ ಬೇರಿಂಗಿನ ಕಾವು ಅಚ್ಚಿನಿಂದ ಹರಿದು ಬಂದಿದೆ. ಮರದ ಅಂಟು ತಗಡಿಗೆ ಮೆತ್ತಿಕೊಂಡರೂ ಕಾವೇರುತ್ತದೆ. ಅದನ್ನು ಚಕ್ರ ನಿಂತಾಗ ಒರೆಸಿ ತೆಗೆಯಬೇಕು.

ಮಾಲೀಕರಿಗೆ ಹಣದ ಭಾಷೆಯಲ್ಲಿ ಹೇಳಬೇಕಾದರೆ ಈ ಲೆಕ್ಕ ನೋಡಿ. 12 ಅಂಗುಲದ ಚೌಕದ ತೊಲೆಯಿಂದ ಒಂದಂಗುಲದ ಹಲಗೆ ತೆಗೆಯಬೇಕು. ಓಲಾಡುವ ಚಕ್ರದ ಸೀಳು ಕಾಲು ಅಂಗುಲವಾದರೆ 9 ಹಲಗೆ ಬಂದು ಮುಕ್ಕಾಲು ಅಂಗುಲದ ತುಂಡು ಮಿಗುತ್ತದೆ. ಸರಿಯಾದ ಚಕ್ರದ ಸೀಳು ಒಂದಂಗುಲದ 16ರಲ್ಲಿ 3 ಭಾಗವಾದರೆ 10 ಹಲಗೆ ಬರುತ್ತವೆ. ಹತ್ತನೆಯ ಹಲಗೆಯೇ ಆರೈಕೆಯ ಬಡ್ಡಿ. ಅರಣ್ಯದ ಮರ ಕಡಿಯುವುದಕ್ಕೆ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕಟ್ಟುನಿಟ್ಟಿನ ಮಿತಿ ಹಾಕಿದ ಮೇಲೆ, ದಾಂಡೇಲಿಯ ತೇಗವಾಗಲಿ ಹೊರದೇಶದ ಮರವಾಗಲಿ, ಹೊಟ್ಟು ಮಾಡಿ ಚೆಲ್ಲುವಷ್ಟು ಅಗ್ಗವಲ್ಲ. ಆ ಹೊಟ್ಟಾದರೂ ನಿರುಪದ್ರವಿಯಲ್ಲ; ಮರದ ಧೂಳು ಮನುಷ್ಯನಿಗೆ ಕ್ಯಾನ್ಸರು ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಪ್ರಕಟಿಸಿದೆ.

ಕೊನೆಯದಾಗಿ ನಮ್ಮ ಸಂಘಕ್ಕೆ ಸಂಬಂಧಿಸಿದ ಮಾತು. ಯಂತ್ರದ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದೆ. ಗೋಡೆಯ ಮೇಲಿನದು ಮರಾಠಿಯಲ್ಲೋ ಹಿಂದಿಯಲ್ಲೋ ಇದೆ. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಬಂದ ಇಪ್ಪತ್ತರ ಹುಡುಗನಿಗೆ ಮೂರೂ ಓದಲು ಬಾರವು. ಅವನಿಗೆ ಬರುವ ಕನ್ನಡದಲ್ಲಿ ಅವನ ಬೆರಳು ಉಳಿಸುವ ಒಂದು ಮಾತೂ ಅಲ್ಲಿ ಬರೆದಿಲ್ಲ. ರಾಜ್ಯೋತ್ಸವದ ದಿನ ನಾವು ಬಾವುಟ ಏರಿಸುತ್ತೇವೆ, ನಾಟಕ ಆಡುತ್ತೇವೆ, ಅವೆಲ್ಲ ಬೇಕು. ಅದರ ಖರ್ಚಿನಲ್ಲಿ ಒಂದಿಷ್ಟು ಉಳಿಸಿ, ದಪ್ಪ ಅಕ್ಷರದ ಒಂದು ಕನ್ನಡ ಫಲಕ ಅಚ್ಚು ಹಾಕಿಸಿ, ಮಾಲೀಕರ ಒಪ್ಪಿಗೆ ಪಡೆದು ಮಿಲ್ಲುಗಳಲ್ಲಿ ತೂಗುಹಾಕಿಸೋಣ ಎಂದು ನನ್ನ ವಿನಂತಿ. ಅದರಲ್ಲಿ ಐದು ಸಾಲು ಸಾಕು:

ಸ್ವಿಚ್ಚು ತೆಗೆಯದೆ ಚಕ್ರ ಮುಟ್ಟಬೇಡ.
ಹಿಂದಿನ ಪಟ್ಟಿಯನ್ನೂ ಮೇಲಿನ ಮುಚ್ಚಳವನ್ನೂ ಕಳಚಬೇಡ.
ಕೊನೆಯ ಗೇಣು ಮರವನ್ನು ಕೋಲಿನಿಂದ ತಳ್ಳು, ಕೈಯಿಂದಲ್ಲ.
ಸಡಿಲ ಅಂಗಿ, ಟವೆಲು, ಕೈಚೀಲ ಧರಿಸಿ ಚಕ್ರದ ಬಳಿ ನಿಲ್ಲಬೇಡ.
ಮರಕ್ಕೆ ನೇರವಾಗಿ ನಿಲ್ಲಬೇಡ. ಒಂದು ಮಗ್ಗುಲಿಗೆ ನಿಲ್ಲು.

ಓದಲು ಬಾರದವರೂ ಇದ್ದಾರೆ. ಅವರಿಗಾಗಿ ಭಾನುವಾರ ನಮ್ಮಲ್ಲಿ ಒಬ್ಬಿಬ್ಬರು ಹೋಗಿ ಇದನ್ನು ಓದಿ ಹೇಳಿದರಾಯಿತು. ನಾನು ಬರಲು ಸಿದ್ಧನಿದ್ದೇನೆ. ಜೊತೆಗೆ ಬರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕೆಂದು ಕೋರುತ್ತೇನೆ.