ಹ್ಯಾಂಡ್‌ಬಿಲ್ಲಿನ ಬೆನ್ನ ಮೇಲೆ ರಂಗಚರಿತ್ರೆ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನಬಾಗೇವಾಡಿ ಭಾಗದ ಹವ್ಯಾಸಿ ಕಲಾವಿದರ ಮುಂದೆ ನಮ್ಮ ವರದಿಗಾರ ಮಾಡಿದ ಭಾಷಣದ ಪಾಠ)



ನಾಟಕ ಮುಗಿದ ಮೇಲೆ ಉಳಿಯುವುದೇನು? ಪರದೆ ಸುತ್ತಿಡುತ್ತಾರೆ, ಬಣ್ಣ ಒರೆಸುತ್ತಾರೆ, ತಗಡಿನ ಥೇಟರು ಬಿಚ್ಚಿ ಲಾರಿಗೆ ಹೇರುತ್ತಾರೆ. ಕಾದಂಬರಿ ಕಪಾಟಿನಲ್ಲಿ ಸಿಗುತ್ತದೆ. ನಿನ್ನೆಯ ಆಟ ನೋಡಿದವರ ನೆನಪಿನಲ್ಲಿ ಮಾತ್ರ. ಆ ನೆನಪನ್ನು ಕಾಗದಕ್ಕಿಳಿಸಲೆಂದೇ ರಂಗಪತ್ರಿಕೆಗಳು ಹುಟ್ಟಿದವು.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1907ರ ಹೊತ್ತಿಗೆ, ಪುಣೆಯಲ್ಲಿ ಶಂಕರ ಬಾಪೂಜಿ ಮುಜುಮದಾರರು 'ರಂಗಭೂಮಿ' ಎಂಬ ಮರಾಠಿ ಮಾಸಿಕ ನಡೆಸುತ್ತಿದ್ದರು. ಕನ್ನಡದಲ್ಲಿ, 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1920ರ ದಶಕದಲ್ಲಿ ಅದೇ ಹೆಸರಿನ ಪತ್ರಿಕೆ ತಂದಿತು. ಮುಂದೆ ಹೆಗ್ಗೋಡಿನ ನೀನಾಸಮ್ 'ಮಾತುಕತೆ' ಎಂಬ ತ್ರೈಮಾಸಿಕ ಹೊರಡಿಸಿತು. ಈ ಕನ್ನಡ ಪತ್ರಿಕೆಗಳ ಉಪಕಾರ ದೊಡ್ಡದು. ಆದರೆ ಅವುಗಳ ಒಲವು ಹವ್ಯಾಸಿ ಹಾಗೂ ಹೊಸ ರಂಗಭೂಮಿಯ ಕಡೆಗೇ ಹೆಚ್ಚು.

ನಮ್ಮ ಕಡೆ ನಾಟಕವೆಂದರೆ ಕಂಪನಿ ನಾಟಕ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ಅವಿಭಜಿತ ವಿಜಾಪುರ ಜಿಲ್ಲೆಯವರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಜನಕ್ಕೆ, ಬಸವಣ್ಣನ ಪಾತ್ರದಿಂದ ಮನೆಮಾತಾದ ಏಣಗಿ ಬಾಳಪ್ಪನವರ ಪರಿಚಯ ಹೇಳಬೇಕಿಲ್ಲ. 1914ರಲ್ಲಿ ಹುಟ್ಟಿದ ಬಾಳಪ್ಪನವರು 2017ರವರೆಗೆ ಬದುಕಿದ್ದರು. ಅವರ ನೆನಪುಗಳು ಪುಸ್ತಕವಾದವು. ಆದರೆ ಅವರಂಥವರ ಹಿಂದೆ ನಿಂತಿದ್ದ ಪೇಟಿ ಮಾಸ್ತರ, ಪರದೆ ಎಳೆಯುವವ, ಟಿಕೀಟು ಹರಿಯುವವ, ಊರೂರು ತಿರುಗಿ ಸ್ತ್ರೀಪಾತ್ರ ಮಾಡಿದ ಕಲಾವಿದೆ? ಅವರ ಕಥೆ ಬರೆದವರಾರು?

ಅವರ ಪಾಲಿಗೆ ಉಳಿದಿರುವ ಅಚ್ಚಿನ ದಾಖಲೆ ಬಣ್ಣದ ಹ್ಯಾಂಡ್‌ಬಿಲ್ಲು. ಅದರಲ್ಲಿ ನಾಟಕದ ಹೆಸರು, ಪಾತ್ರವರ್ಗ, ಟಿಕೀಟಿನ ದರ, ಕೆಳಗೆ ಅಚ್ಚಾದ ಪ್ರೆಸ್ಸಿನ ಹೆಸರು ಸಿಗಬಹುದು. ಆದರೆ ಎಷ್ಟೋ ಕಡೆ 'ಇಂದು ರಾತ್ರಿ' ಎಂದಷ್ಟೇ ಇರುತ್ತದೆ. ಯಾವ ಇಸವಿಯ ಇಂದು? ಪತ್ರಿಕೆಗೂ ಹ್ಯಾಂಡ್‌ಬಿಲ್ಲಿಗೂ ಇರುವ ಅಂತರ ಇದೇ. ಪತ್ರಿಕೆಗೆ ತಾರೀಖು ಉಂಟು, ನಾಟಕ ಹೇಗಿತ್ತೆಂಬ ವಿಮರ್ಶೆಯೂ ಉಂಟು. ಹ್ಯಾಂಡ್‌ಬಿಲ್ಲು 'ತಪ್ಪದೇ ನೋಡಿರಿ' ಎಂದು ಕರೆಯುತ್ತದೆ, ಅಷ್ಟೇ.

ಆದ್ದರಿಂದ ಒಂದು ಕೆಲಸ ಸೂಚಿಸುತ್ತೇನೆ. ನಿಮ್ಮ ಟ್ರಂಕಿನಲ್ಲಿ, ಅಟ್ಟದ ಮೇಲೆ ಹಳೆಯ ಹ್ಯಾಂಡ್‌ಬಿಲ್ಲು ಇದ್ದರೆ ರದ್ದಿಗೆ ಹಾಕಬೇಡಿ. ಊರ ಹಿರಿಯರನ್ನು ಕೂಡಿಸಿಕೊಂಡು ಕೇಳಿ: ಆಟ ಯಾವ ಜಾತ್ರೆಯಲ್ಲಾಯಿತು? ಆ ವರ್ಷ ಬರಗಾಲವಿತ್ತೇ, ಬೆಳೆ ಬಂದಿತ್ತೇ? ಪಾತ್ರ ಮಾಡಿದವರು ಯಾರು, ಜನ ಯಾವ ಹಾಡಿಗೆ 'ಒನ್ಸ್ ಮೋರ್' ಎಂದರು? ಉತ್ತರವನ್ನು ಬೆನ್ನ ಮೇಲೆ ಪೆನ್ಸಿಲಿನಿಂದ ಬರೆಯಿರಿ. ಹೇಳಿದವರ ಹೆಸರನ್ನೂ ಬರೆಯಿರಿ. ಮೊಬೈಲಿನಲ್ಲಿ ಎರಡೂ ಬದಿಯ ಚಿತ್ರ ತೆಗೆದಿಡಿ.

ಇದು ನಮ್ಮ ನೆಲಕ್ಕೆ ಹೊಸದಲ್ಲ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂತು. ಬೀಸುಕಲ್ಲುಗಳು ಮೂಲೆ ಸೇರಿದವು, ಹಾಡು ಉಳಿಯಿತು. ನಾಟಕದ ಪಾಲಿಗೆ ಆ ಕೆಲಸ ಇನ್ನೂ ಬಾಕಿ ಇದೆ, ಹೇಳಬಲ್ಲ ಹಿರಿಯರು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.