ಡಿಸ್ಕ್ ಇದ್ದರೆ ಆಟ ನಮ್ಮದಾ?

ಕನ್ಸೋಲ್ ಅಂದ್ರೆ ಗ್ರಾಫಿಕ್ಸ್, ಫ್ರೇಮ್ ರೇಟ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಇವತ್ತು ಡಿಸ್ಕ್ ಹಾಕೋ ಜಾಗದ ಬಗ್ಗೆ ಮಾತಾಡ್ತೀನಿ. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋನಲ್ಲಿ ಅದೇ ಇಲ್ಲ. ಬಂದಾಗ ಅಮೆರಿಕದಲ್ಲಿ ಸುಮಾರು 700 ಡಾಲರ್ ಕೊಟ್ಟ ಮೇಲೂ ಡ್ರೈವ್ ಬೇಕಿದ್ರೆ ಬೇರೆ ದುಡ್ಡು ಕೊಡಬೇಕಿತ್ತು!

ಡಿಸ್ಕ್ ಇದ್ರೆ ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಡಬಹುದು. ಒಂದು ಹೊಸ ಆಟಕ್ಕೆ ನಾಲ್ಕೈದು ಸಾವಿರ ಸುರಿಯೋ ನಮಗೆ ಇದೇನು ಸಣ್ಣ ಮಾತಲ್ಲ. ದಿಲ್ಲಿಯ ಪಾಲಿಕಾ ಬಜಾರ್ ಕಡೆ ಹೋದವರಿಗೆ ಹಳೇ ಡಿಸ್ಕಿನ ಬೆಲೆ ಗೊತ್ತು. ಡೌನ್‌ಲೋಡ್ ಮಾಡಿದ್ದನ್ನ ಯಾರಿಗೆ ಮಾರ್ತೀರಿ?

ಆದ್ರೆ ನನ್ನ ಈ ವಾದದಲ್ಲೂ ಒಂದು ತೂತಿದೆ. ಯೂಬಿಸಾಫ್ಟ್‌ನ ‘ದ ಕ್ರೂ’ ನೋಡಿ. 2014ರಲ್ಲಿ ಬಂದ ಕಾರ್ ರೇಸಿಂಗ್ ಆಟ. ಒಬ್ಬರೇ ಆಡಿದ್ರೂ ಸರ್ವರ್ ಸಂಪರ್ಕ ಬೇಕೇ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ್ರು. ಡಿಸ್ಕ್ ಕೊಂಡವರ ಆಟವೂ ಅಲ್ಲಿಗೆ ಮುಗೀತು. ಕಪಾಟಿನಲ್ಲಿ ಡಬ್ಬಿ ಮಾತ್ರ ಉಳೀತು.

ಸರ್ವರ್‌ಗೆ ಖರ್ಚಿದೆ, ನಿಜ. ನಾನೂ ಸಾಫ್ಟ್‌ವೇರ್‌ನವನೇ, ಹತ್ತು ವರ್ಷ ಹಳೇ ಕೋಡ್ ಸಾಕೋದು ಎಂಥ ತಲೆನೋವು ಅಂತ ಗೊತ್ತು. ಸರ್ವರ್ ಶಾಶ್ವತವಾಗಿ ನಡೆಸಿ ಅಂತ ನಾನು ಕೇಳ್ತಿಲ್ಲ. ಮುಚ್ಚೋ ಮುಂಚೆ ಕೊನೇ ಅಪ್‌ಡೇಟ್‌ನಲ್ಲಿ ಆಫ್‌ಲೈನ್ ಮೋಡ್ ಕೊಡಿ, ಅಷ್ಟೇ. ಆಗಲ್ಲ ಅನ್ನೋಹಾಗಿಲ್ಲ. ಜನ ಗಲಾಟೆ ಮಾಡಿದ ಮೇಲೆ ‘ದ ಕ್ರೂ 2’ಗೆ ಅದೇ ಕಂಪನಿ ಆಫ್‌ಲೈನ್ ಮೋಡ್ ಕೊಟ್ಟಿತು.

ನಾನಂತೂ ಈಗ ಡ್ರೈವ್ ಇರೋ ಕನ್ಸೋಲನ್ನೇ ತಗೊಳ್ಳೋದು. ಆಟ ಕೊಳ್ಳೋವಾಗ ಮೊದಲು ಡಬ್ಬಿ ತಿರುಗಿಸಿ, ‘ಇಂಟರ್ನೆಟ್ ಕಡ್ಡಾಯ’ ಅಂತ ಬರೆದಿದ್ಯಾ ಅಂತ ನೋಡ್ತೀನಿ.